ಚಪ್ಪಲಿ ಎಣಿಸಿದ ಪುರಾಣಿಕ

ವಾರಿಜಾ ಕೇಳಿದಳು: "ಗುರುಗಳೇ, ಕೇಳುವವರೇ ಇಲ್ಲದ ಮಾತನ್ನು ನಡುವೆ ನಿಲ್ಲಿಸಿದರೆ ತಪ್ಪೇ?"

ಅವಳು ಹೊಸದಾಗಿ ಬ್ಲಾಗ್ ಬರೆಯತೊಡಗಿದ್ದಳು. ಮರೆವಿನ ಕಾಯಿಲೆ ಬಂದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡವಳು. ಆ ಆರೈಕೆಯ ಅನುಭವವನ್ನು ಕಂತು ಕಂತಾಗಿ ಬರೆಯುತ್ತಿದ್ದಳು. ನಡುವೆ ಒಮ್ಮೆ ಮಾವಿನ ಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದಳು. ಅದನ್ನು ತೆರೆದವರ ಸಂಖ್ಯೆ ಸರ್ರನೆ ಏರಿತು. ಆರೈಕೆಯ ಕಂತುಗಳ ಗೆರೆ ಮಾತ್ರ ನೆಲಕ್ಕಂಟಿಕೊಂಡೇ ಇತ್ತು.

"ದಿನಾ ಎದ್ದ ಕೂಡಲೇ ಅಂಕಿ ನೋಡುತ್ತೇನೆ. ಆ ಕಂತುಗಳನ್ನು ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ" ಎಂದಳು.

"ತೆರೆದವರು ಎಷ್ಟು ಹೊತ್ತು ಓದಿದರು, ಯಾರು ಮರಳಿ ಬಂದರು, ಅದನ್ನೂ ತೋರಿಸುತ್ತದೆಯೇ?"

"ತೋರಿಸುತ್ತದೆ. ನಾನು ನೋಡುವುದು ಮೇಲಿನ ದೊಡ್ಡ ಅಂಕಿಯನ್ನಷ್ಟೇ."

ಗುರುಗಳು ಹೇಳತೊಡಗಿದರು.

ಒಂದು ಊರಿನ ಮಂಟಪದಲ್ಲಿ ಒಬ್ಬ ಪುರಾಣಿಕ ಶ್ರಾವಣ ಮಾಸವಿಡೀ ಸಂಜೆ ಪುರಾಣ ಓದುತ್ತಿದ್ದ. ಓದಲು ಕುಳಿತವನು ತಲೆಯೆತ್ತಿ ಕೇಳುಗರನ್ನು ಎಣಿಸಬಾರದು ಎಂಬುದು ಅಲ್ಲಿಯ ಪದ್ಧತಿ. ಆದರೆ ಮನಸ್ಸು ಕೇಳಬೇಕಲ್ಲ! ಅವನು ಒಂದು ಉಪಾಯ ಕಂಡುಕೊಂಡ. ಎಲ್ಲರೂ ಕುಳಿತ ಮೇಲೆ ಒಳಗೆ ಬರುತ್ತಿದ್ದ, ಬರುವಾಗ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳನ್ನು ಎಣಿಸುತ್ತಿದ್ದ.

ಅವುಗಳಲ್ಲಿ ಪಕ್ಕದ ಕಲ್ಯಾಣಿಗೆ ಕೈಕಾಲು ತೊಳೆಯಲು ಹೋದವರ ಚಪ್ಪಲಿಗಳಿದ್ದವು. ಇಣುಕಿ ನೋಡಿ, ಮೊದಲ ಶ್ಲೋಕ ಮುಗಿಯುವ ಮುನ್ನ ಎದ್ದುಹೋಗುವವರ ಚಪ್ಪಲಿಗಳಿದ್ದವು. ತಾನು ಬಿಟ್ಟ ಜೊತೆಯನ್ನೂ ಅವನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದ. ನಗಬೇಡ, ನೀನೂ ನಿನ್ನ ಬರಹವನ್ನು ದಿನಕ್ಕೆ ಹತ್ತು ಸಲ ತೆರೆದು ನೋಡುವವಳೇ.

ಆ ವರ್ಷದ ಕತೆ ಕಾಡುಪಾಲಾದ ಒಬ್ಬ ರಾಜಕುಮಾರನದು. ಕತೆ ಕಾಡಿಗೆ ಹೋದಂತೆ ಚಪ್ಪಲಿಗಳು ಕಡಿಮೆಯಾದವು. ಒಂದು ಸಂಜೆ ಬಾಯಿರುಚಿಗೆಂದು ಬೇರೊಂದು ಯುದ್ಧದ ಪ್ರಸಂಗ ಓದಿದ. ಮರುದಿನ ಮೆಟ್ಟಿಲ ಬಳಿ ಕಾಲಿಡಲು ಜಾಗವಿರಲಿಲ್ಲ. ಜನ ಮರುಳೋ ಜಾತ್ರೆ ಮರುಳೋ, ಚಪ್ಪಲಿ ಕಂಡು ಇನ್ನಷ್ಟು ಚಪ್ಪಲಿ ಬಂದವು. ಪುರಾಣಿಕ ರಾಜಕುಮಾರನ ಕತೆಯ ಕಟ್ಟು ಕಟ್ಟಿಟ್ಟ.

ಮಂಟಪದ ದೀಪ ಹಚ್ಚುವವನು ತಡೆಯಲಾರದೆ ಅಂದ: "ಸ್ವಾಮಿ, ಆ ಹುಡುಗನ್ನ ಕಾಡಲ್ಲೇ ಬಿಟ್ಟು ಎದ್ರೆ ಹೆಂಗೆ? ಊರಿಗೆ ಕರ್ಕೊಂಡ್ ಬಂದು ಮಂಗಳ ಹಾಡಿಬಿಡಿ."

"ಕೇಳೋರೇ ಇಲ್ಲ ಅಂದ್ಮೇಲೆ ಯಾರಿಗೋಸ್ಕರ ಕರ್ಕೊಂಡ್ ಬರಲಿ?" ಅಂದ ಪುರಾಣಿಕ.

ಕೇಳುವವಳು ಒಬ್ಬಳಿದ್ದಳು. ಅವಳ ಮಗ ಮನೆಯಲ್ಲಿ ಮುನಿಸಿಕೊಂಡು ಹೋದವನು ಮತ್ತೆ ಬಂದಿರಲಿಲ್ಲ. ಅವನು ಬರುವವರೆಗೂ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಒಂದು ಸಂಜೆಯೂ ತಪ್ಪದೆ ಬರಿಗಾಲಲ್ಲಿ ಬಂದು, ಹಿಂದಿನ ಕಂಬಕ್ಕೆ ಒರಗಿ, ಮಂಗಳಾರತಿಯವರೆಗೂ ಕೂರುತ್ತಿದ್ದಳು. ಕತೆಯಲ್ಲಿನ ಮಗ ಅರಮನೆಗೆ ಮರಳಿದ ದಿನ ತನ್ನ ಮಗನ ಸುದ್ದಿಯೂ ಬಂದೀತು ಎಂದು ನಂಬಿದ್ದಳು. ಅದು ಪೆದ್ದುತನ ಎಂದು ನೀನು ಅನ್ನಬಹುದು. ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ನೀರಲ್ಲಿ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಯುದ್ಧದ ಪ್ರಸಂಗಗಳು ನಡೆದವು. ಅವಳು ಕಾದಳು. ರಾಜಕುಮಾರನ ಹೆಸರೇ ಬರಲಿಲ್ಲ. ಕೊನೆಗೆ ದೀಪ ಹಚ್ಚುವವನನ್ನು ಕೇಳಿದಳು: "ಅಣ್ಣಾ, ಆ ಹುಡುಗ ಬರಲಿಲ್ವಾ?"

"ಇಲ್ಲ ಕಣವ್ವಾ. ಆ ಕತೆ ಬಿಟ್ಬಿಟ್ರು."

"ಹಂಗಾದ್ರೆ ಬರೋದಿಲ್ಲ ಅನ್ನು" ಎಂದಳು. ಅಳಲಿಲ್ಲ. ಮರುದಿನ ಪೇಟೆಗೆ ಹೋಗಿ ಒಂದು ಜೊತೆ ಚಪ್ಪಲಿ ಕೊಂಡು ಮೆಟ್ಟಿಕೊಂಡಳು. ಮಗನಿಗಾಗಿ ಹೊತ್ತ ಹರಕೆಯನ್ನು ಅಲ್ಲಿಗೇ ಕೈಬಿಟ್ಟಳು. ಸಂಜೆಯಾದಾಗ ಕಾಲು ರೂಢಿಯಂತೆ ಮಂಟಪದ ಕಡೆಗೇ ನಡೆಯಿತು. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು, ಕಂಬಕ್ಕೆ ಒರಗಿ ಕುಳಿತಳು. ಏನು ಓದುತ್ತಿದ್ದಾರೆಂದು ಅವಳಿಗೆ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಾರಿಜಾ ಕೇಳಿದಳು:

"ಪುರಾಣಿಕನಿಗೆ ಅದು ಕೊನೆಗೂ ತಿಳಿಯಲೇ ಇಲ್ಲವೇ, ಗುರುಗಳೇ?"

"ತಿಳಿಯದೆ ಏನು ಮಗಳೇ, ಇವತ್ತು ಒಬ್ಬರು ಹೆಚ್ಚು ಬಂದಿದ್ದಾರೆ ಎಂದು ಅವನು ಸಂತೋಷಪಟ್ಟ."