ಮನೆಗೆ ಆದೀತು

"ಗುರುಗಳೇ, ಬೂಷ್ಟು ಹಿಡಿಯಿತೆಂದು ಕಾಳನ್ನು ತಿಪ್ಪೆಗೆ ಹಾಕುವುದು ಅನ್ನಕ್ಕೆ ಮಾಡುವ ಅವಮಾನವಲ್ಲವೇ? ಹುರಿದರೆ ಎಲ್ಲವೂ ಶುದ್ಧವಾಗುತ್ತದೆ ಎನ್ನುತ್ತಾರಲ್ಲ?" ಊರಿನಿಂದ ದಿನವೂ ಮಠಕ್ಕೆ ಬರುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಶೇಂಗಾ ವ್ಯಾಪಾರಿ ಇದ್ದ. ತಕ್ಕಡಿಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಎರಡಿಲ್ಲ. ಮುಗ್ಗಿದ ಒಂದು ಬೀಜ ಗಿರಾಕಿಯ ಚೀಲಕ್ಕೆ ಹೋದರೂ ಅವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಊರೆಲ್ಲ ಅವನನ್ನು ಹೊಗಳುತ್ತಿತ್ತು. ಹೊಗಳಿಕೆ ಕಿವಿಗೆ ಬಿದ್ದಾಗ ಅವನೂ ಒಂದಿಷ್ಟು ಬೀಗುತ್ತಿದ್ದನೆನ್ನಿ. ಮಳೆಗಾಲದಲ್ಲಿ ಚೀಲಗಳ ತಳ ತೇವ ಹಿಡಿಯುತ್ತಿತ್ತು. ಹಸಿರು ಬೂಷ್ಟು ಕಟ್ಟಿದ ಬೀಜಗಳನ್ನು ಅವನು ಬೇರೆ ತೆಗೆದಿಡುತ್ತಿದ್ದ. ಮಾರಲು ಮನಸ್ಸು ಒಪ್ಪದು, ಎಸೆಯಲು ಕೈ ಬಾರದು. "ಮನೆಗೆ ಆದೀತು" ಎಂದು ತಂದು ಹೆಂಡತಿಯ ಮುಂದೆ ಸುರಿಯುತ್ತಿದ್ದ. ಅವಳು ಒರೆಸಿ, ಹುರಿದು, ಖಾರ ಬೆಳ್ಳುಳ್ಳಿ ಹಾಕಿ ಚಟ್ನಿಪುಡಿ ಕುಟ್ಟುತ್ತಿದ್ದಳು. ರೊಟ್ಟಿಯ ಜೊತೆಗೆ ದಿನವೂ ಅದೇ. ಹೀಗೆಯೇ ವರ್ಷಗಳು ಕಳೆದವು.

ಒಂದು ಬೇಸಿಗೆಯಲ್ಲಿ ಹೆಂಡತಿಗೆ ಊಟ ಸೇರದಾಯಿತು. ಮೈ ಇಳಿಯಿತು, ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಪಟ್ಟಣದ ವೈದ್ಯರು ಪರೀಕ್ಷಿಸಿ ಯಕೃತ್ತಿನ ಕ್ಯಾನ್ಸರ್ ಎಂದರು. ಕೈ ಮೀರಿದೆ ಎಂದೂ ಹೇಳಿದರು.

"ನಾವು ಹೊರಗಿಂದು ಏನೂ ತಿನ್ನಂಗಿಲ್ರೀ ಸಾಹೇಬ್ರ. ಮನ್ಯಾಗ ಮಾಡಿದ್ದ ಅಷ್ಟ" ಎಂದು ವ್ಯಾಪಾರಿ ಅಳುತ್ತಾ ಹೇಳಿದ.

ವೈದ್ಯರು ಮನೆಯ ಊಟವನ್ನು ಒಂದೊಂದಾಗಿ ವಿಚಾರಿಸಿದರು. ಚಟ್ನಿಪುಡಿಯ ಮಾತು ಬಂದಾಗ, ಶೇಂಗಾ ಎಂಥದ್ದೆಂದು ಕೇಳಿದರು. ವ್ಯಾಪಾರಿ ಇದ್ದದ್ದನ್ನು ಇದ್ದಂತೆ ಹೇಳಿದ. ಅಂಥ ಬೂಷ್ಟಿನಲ್ಲಿ ವಿಷವಿರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ವರ್ಷಗಟ್ಟಲೆ ತಿಂದವರ ಯಕೃತ್ತಿಗೆ ಕ್ಯಾನ್ಸರಿನ ಅಪಾಯ ಹೆಚ್ಚು ಎಂದರು ವೈದ್ಯರು. ಇವಳಿಗೆ ಅದರಿಂದಲೇ ಬಂತೆಂದು ಆಣೆ ಮಾಡಿ ಹೇಳಲಾರೆ ಎಂದೂ ಸೇರಿಸಿದರು.

ವ್ಯಾಪಾರಿಗೆ ಒಂದು ಮಾತ್ರ ಅರ್ಥವಾಗಲಿಲ್ಲ. ಹೆಂಡತಿಯ ಹಾಸಿಗೆಯ ಬಳಿ ಕುಳಿತು ಕೇಳಿದ: "ಇಬ್ಬರೂ ಒಂದ ಮನ್ಯಾಗ ಉಂಡೇವಿ. ನನಗ ಏನೂ ಆಗಿಲ್ಲ. ನಿನಗ್ಯಾಕ ಹಿಂಗಾತು?"

ಹೆಂಡತಿ ಸಣ್ಣಗೆ ನಕ್ಕಳು. "ನೀವೆಲ್ಲಿ ತಿಂದೀರಿ ಅದನ್ನ? ಅದರಾಗ ಛಲೋ ಬೀಜ ಆರಿಸಿ ನಿಮಗ ಬ್ಯಾರೆ ಕುಟ್ಟತಿದ್ದೆ. ಮುಗ್ಗಿದ್ದು ಕಹಿ ಇರತಿತ್ರೀ. ಖಾರ ಜಾಸ್ತಿ ಹಾಕ್ಕೊಂಡು ನಾನ ತಿಂತಿದ್ದೆ."

ವ್ಯಾಪಾರಿ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಶ್ರಾವಣ ಬರುವ ಮೊದಲೇ ಅವಳು ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದವು. "ಎಂಥ ಕುರುಡ ಅವನು! ಒಂದೇ ಮನೆಯಲ್ಲಿದ್ದೂ ಇಷ್ಟು ವರ್ಷ ಅವಳ ತಟ್ಟೆಯ ಕಡೆ ನೋಡಲಿಲ್ಲವೇ?" ಎಂದ.

ಗುರುಗಳು ಕೇಳಿದರು: "ನಿನ್ನ ತಾಯಿ ನಿನ್ನೆ ಏನು ಉಂಡಳು?"