ಕೆರೆಗೂ ಹೊಳೆಗೂ ಆಗುವ ಕೋಲು

“ಗುರುಗಳೇ, ಕಾಯಿಲೆಯಾಗಿ ಮಲಗಿದವರ ಹತ್ತಿರ ಕೂತು ಏನನ್ನು ಓದಬೇಕು?” ಎಂದು ಶಿಷ್ಯ ಕೇಳಿದ.

ಗುರು ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ತಲೆ ಎತ್ತಿ ನೋಡಿದರು.

“ನೀನಿನ್ನೂ ಹೊರಟಿಲ್ಲವೇ?”

“ನಾಳೆ ಹೊರಡೋಣ ಅಂತ.”

ಶಿಷ್ಯನ ಸೋದರಮಾವ ಪಕ್ಕದ ಊರಿನಲ್ಲಿ ಹಾಸಿಗೆ ಹಿಡಿದಿದ್ದ. ತಂದೆ ಇಲ್ಲದ ಶಿಷ್ಯನನ್ನು ಸಾಕಿದವನು ಅವನೇ. ಒಮ್ಮೆ ನೋಡಬೇಕು, ಬಂದು ಹೋಗಲಿ ಎಂದು ಹೇಳಿಕಳಿಸಿದ್ದ. ಗುರು ಆಗಲೇ ಹೋಗು ಎಂದಿದ್ದರು.

“ಕೆಲವರು ನಾಮ ಹೇಳಬೇಕು ಎನ್ನುತ್ತಾರೆ. ಕೆಲವರು ಪುರಾಣ ಓದಬೇಕು ಎನ್ನುತ್ತಾರೆ. ನನ್ನ ಓದು ಕಡಿಮೆ. ತಪ್ಪಾಗಬಾರದು. ಕಾಯಿಲೆ ವಾಸಿಯಾಗುವುದಕ್ಕೂ ಆಗಬೇಕು. ವಾಸಿಯಾಗದಿದ್ದರೆ ಒಳ್ಳೆಯ ಸಾವಿಗೂ ಆಗಬೇಕು. ಎರಡಕ್ಕೂ ಆಗುವಂಥದ್ದು ಯಾವುದು?”

“ನಿನ್ನೆಯೂ ಇದನ್ನೇ ಕೇಳಿದೆ.”

“ನಿನ್ನೆ ನೀವು ಹೇಳಲಿಲ್ಲ.”

ಗುರು ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿದರು. “ಕೂತುಕೋ, ಹೇಳುತ್ತೇನೆ. ಬೇಡ, ಕೂರಬೇಡ. ಕೂತರೆ ಏಳುವವನಲ್ಲ ನೀನು. ನಿಂತೇ ಕೇಳು.”

ಒಬ್ಬ ಮೀನುಗಾರನಿದ್ದ. ಅವನ ಊರಿನ ಒಂದು ಕಡೆ ಕೆರೆ, ಇನ್ನೊಂದು ಕಡೆ ಹೊಳೆ. ಅವನು ಬಲೆ ಬೀಸುತ್ತಿರಲಿಲ್ಲ. ಗಾಳದಲ್ಲೇ ಹಿಡಿಯುತ್ತಿದ್ದ. ಗಾಳಕ್ಕೂ ಎರೆಹುಳು ಚುಚ್ಚುತ್ತಿರಲಿಲ್ಲ. ಕೋಳಿಯ ಕತ್ತಿನ ಗರಿ ಕಟ್ಟುತ್ತಿದ್ದ. ಗರಿ ನೀರಿನ ಮೇಲೆ ಬಿದ್ದರೆ ಮೀನು ಹುಳ ಎಂದುಕೊಂಡು ಬಾಯಿ ಹಾಕುತ್ತದೆ. ಗರಿ ಕಟ್ಟಿಕೊಡುತ್ತಿದ್ದವಳು ಅವನ ಹೆಂಡತಿ. ಅವಳ ಬೆರಳು ಸಣ್ಣ. ಕೆಲಸ ಅಚ್ಚುಕಟ್ಟು.

ಗರಿಗೆ ತೂಕವಿಲ್ಲ. ಕೈಯಲ್ಲಿ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಕೋಲು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮಬೇಕು. ಆಗಲೇ ದಾರ ಹೋಗುತ್ತದೆ, ದಾರದ ಜೊತೆ ಗರಿ ಹೋಗುತ್ತದೆ. ಹಾಗಾಗಿ ಅವನಿಗೆ ಕೋಲೆಂದರೆ ಪ್ರಾಣ. ಅದು ತಪ್ಪಲ್ಲ.

ಒಂದು ವರ್ಷ ಹೆಂಡತಿ ಕಾಯಿಲೆ ಬಿದ್ದಳು. ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಅನ್ನ ಸೇರಲಿಲ್ಲ. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಒಂದು ಬೆಳಿಗ್ಗೆ ಅವಳೇ ಬಾಯಿಬಿಟ್ಟು ಕೇಳಿದಳು.

“ಒಂದು ಗೆಂಡೆಮೀನು ತನ್ನಿ. ಹುಳಿ ಹಾಕಿ ಸಾರು ಮಾಡಿದರೆ ಒಂದು ತುತ್ತು ಇಳಿದೀತು ಅನ್ನಿಸ್ತದೆ.”

ಅವನಿಗೆ ಹೋದ ಜೀವ ಬಂದಂತಾಯಿತು. ಮೂಲೆಯಲ್ಲಿದ್ದ ಕೋಲು ತೆಗೆದು ಬಾಗಿಸಿ ನೋಡಿದ. ಒಳಗೆ ಹುಳ ತಿಂದಿತ್ತು. ಹಿಟ್ಟು ಉದುರಿತು, ಕೋಲು ಮುರಿಯಿತು.

ಊರಿನಲ್ಲಿ ಬಿದಿರಿನ ಮೊರ, ಬುಟ್ಟಿ ಹೆಣೆಯುವ ಒಬ್ಬ ಮೇದರವನಿದ್ದ. ಗಾಳದ ಕೋಲನ್ನೂ ಅವನೇ ಕೊಡುತ್ತಿದ್ದ. ಮೀನುಗಾರ ಅಲ್ಲಿಗೆ ಹೋದ.

“ಕೆರೆಗೋ, ಹೊಳೆಗೋ?” ಎಂದ ಮೇದರವನು. “ಕೆರೆಗಾದರೆ ಉದ್ದದ್ದು ತಗೋ, ಮೆತ್ತಗೆ ಬಾಗೋದು. ಗಾಳಿಗೆ ಎದುರಾಗಿ ದೂರ ಎಸೀಬೇಕಲ್ಲ. ಹೊಳೆಗಾದರೆ ಗಿಡ್ಡದು, ಬಿರುಸಾದ್ದು. ಮೇಲೆ ಮರ, ಕೆಳಗೆ ಬಂಡೆ. ಮೀನು ಕಚ್ಚಿದ್ದೇ ಸೆಳವಿಗೆ ಓಡ್ತದೆ.”

“ಗೆಂಡೆ ಇವತ್ತು ಎಲ್ಲಿ ಇರ್ತದೆ ಅಂತ ನನಗೇನು ಗೊತ್ತು? ಎರಡಕ್ಕೂ ಆಗೋದು ಕೊಡು.”

ಮೇದರವನು ಒಂದು ಕೊಟ್ಟ. ಮೀನುಗಾರ ಬೀಸಿ ನೋಡಿ, ತುದಿ ಸೋಮಾರಿ ಎಂದ. ಇನ್ನೊಂದು ಕೊಟ್ಟ. ಹಿಡಿ ಭಾರ ಎಂದ. ಮತ್ತೊಂದು ಕೊಟ್ಟ. ಗೆಣ್ಣು ಹತ್ತಿರ ಹತ್ತಿರ ಇವೆ ಎಂದ. ಬಿಸಿಲು ಏರಿತು.

“ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ ಮಾರಾಯ,” ಎಂದ ಮೇದರವನು.

“ಇದೊಂದು ಪರವಾಗಿಲ್ಲ. ಇದನ್ನ ಯಾವಾಗ ಕಡಿದೆ?”

“ಬೆಳುದಿಂಗಳಲ್ಲಿ.”

ಮೀನುಗಾರ ಅದನ್ನು ಕೆಳಗಿಟ್ಟ. ಬಿದಿರನ್ನು ಕತ್ತಲ ಪಕ್ಷದಲ್ಲಿ ಕಡಿಯಬೇಕು. ಬೆಳುದಿಂಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆ.

“ಹುಳ ಬೀಳೋಕೆ ಇನ್ನೂ ಒಂದು ವರ್ಷ ಬೇಕು,” ಎಂದ ಮೇದರವನು. “ನಿನಗೆ ಮೀನು ಬೇಕಾಗಿರೋದು ಇವತ್ತು.”

“ಮುರಿದ ಕೋಲೂ ನಿನ್ನದೇ.”

ಮೇದರವನು ತಿರುಗಿ ಕೂತು ಮೊರ ಹೆಣೆದ.

ಮೀನುಗಾರ ಕತ್ತಲ ಪಕ್ಷಕ್ಕೆ ಕಾದ. ತಾನೇ ಹೋಗಿ ಮೆಳೆಯನ್ನೆಲ್ಲ ಸುತ್ತಿ ಒಂದು ಬಿದಿರು ಕಡಿದು ತಂದ. ಹಸಿ ಬಿದಿರು ಹಾಗೇ ಆಗುವುದಿಲ್ಲ. ಹೊಗೆ ಹಿಡಿಸಬೇಕು. ಒಲೆಯ ಮೇಲೆ ಅಡ್ಡ ಕಟ್ಟಿದ. ಒಣಕಟ್ಟಿಗೆಗೆ ಹೊಗೆ ಸಾಲದು ಎಂದು ಹಸಿಕಟ್ಟಿಗೆ ಹಾಕಿದ. ಹೆಂಡತಿ ಮಲಗಿದ್ದದ್ದು ಒಲೆಯ ಪಕ್ಕದಲ್ಲೇ. ಅವನು ಹೊರಗೆ ಹೋಗುವಾಗ, ಕಟ್ಟಿಗೆ ಸ್ವಲ್ಪ ಮುಂದಕ್ಕೆ ದೂಡ್ತಿರು ಎಂದು ಅವಳಿಗೇ ಹೇಳಿ ಹೋಗುತ್ತಿದ್ದ. ಅವಳು ಕೆಮ್ಮುತ್ತ ದೂಡುತ್ತಿದ್ದಳು.

“ಮೀನು ಬೇಯಿಸಿ ಅಂದರೆ ಕೋಲು ಬೇಯಿಸ್ತಾ ಕೂತಿದ್ದೀರಿ,” ಎಂದಳು ಒಂದು ದಿನ.

“ಅರ್ಧಂಬರ್ಧ ಒಣಗಿದರೆ ಸೊಟ್ಟಗಾಗ್ತದೆ.”

“ಆಗಲಿ. ನಾನೇನು ಕೋಲು ತಿಂತೀನಾ?”

ಇಲ್ಲಿ ಗುರು ನಿಲ್ಲಿಸಿದರು. ಶಿಷ್ಯ ನಕ್ಕಿದ್ದ.

“ನಗು,” ಎಂದರು ಗುರು. “ಅವನೂ ನಕ್ಕ. ಬಾಯಿಗೆ ರುಚಿ ಬಂದಿದೆ, ಹುಷಾರಾಗುತ್ತಿದ್ದಾಳೆ ಎಂದುಕೊಂಡ.”

ಪಕ್ಕದ ಮನೆಯವನು ಬಲೆ ಹಾಕುವವನು. ಒಂದು ಸಂಜೆ ಎಲೆಯಲ್ಲಿ ಎರಡು ಗೆಂಡೆ ತಂದ. “ಅತ್ತಿಗೆಗೆ ಸಾರು ಮಾಡಿ ಕೊಡು,” ಎಂದ. ಮೀನುಗಾರ ಬೇಡ ಎಂದ. ಬಲೆಯಲ್ಲಿ ಒದ್ದಾಡಿದ ಮೀನಿಗೆ ರುಚಿ ಇರುವುದಿಲ್ಲ, ಕೋಲು ಇನ್ನೇನು ಆಗಿಬಿಟ್ಟಿತು, ನಾನೇ ತರುತ್ತೇನೆ ಎಂದ. ಒಳಗಿನಿಂದ ಹೆಂಡತಿ ಏನೋ ಅಂದಳು. ಕೆಮ್ಮಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದ ಮನೆಯವನು ಮೀನು ವಾಪಸು ತೆಗೆದುಕೊಂಡು ಹೋದ.

ಕೋಲು ಒಣಗಿತು. ಹರಳೆಣ್ಣೆ ಸವರಿದ. ಜಗುಲಿಯಲ್ಲಿ ಕೂತು ತುದಿ ಹೆರೆಯತೊಡಗಿದ. ಹೆಂಡತಿ ಒಳಗಿನಿಂದ ಕರೆದಳು.

“ಇವತ್ತು ಕೋಲು ಬಿಡಿ. ಮೀನೂ ಬೇಡ ನನಗೆ. ಇಲ್ಲಿ ಬಂದು ಕೂತ್ಕೊಳ್ಳಿ.”

“ಬಂದೆ. ತುದಿ ಒಂದು ಹೆರೆದುಬಿಡ್ತೀನಿ.”

ಹೆರೆದ. ಬಾಗಿಸಿ ನೋಡಿದ. ಮತ್ತೆ ಹೆರೆದ. ಕೊನೆಗೆ ಕೋಲು ಅವನ ಮನಸ್ಸಿಗೆ ಬಂತು. ಒಳಗೆ ಇಣುಕಿದ. ಹೆಂಡತಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿದೆ, ಏಳುವಷ್ಟರಲ್ಲಿ ಮೀನು ತಂದುಬಿಡೋಣ ಎಂದು ಕೆರೆಗೆ ಹೋದ.

ಗರಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಗಿ ಬಿತ್ತು. ಬಿದ್ದದ್ದೇ ತಡ, ಗೆಂಡೆ ಕಚ್ಚಿತು. ಒಬ್ಬಳು ಉಣ್ಣುವುದಕ್ಕೆ ಬೇಕಾದಷ್ಟು ದೊಡ್ಡ ಗೆಂಡೆ. ಸೀದಾ ಮನೆಗೆ ಬರಬಹುದಿತ್ತು.

ಅವನು ಬರಲಿಲ್ಲ. ಕೆರೆಗೇನೋ ಆಯಿತು, ಹೊಳೆಗೆ ಆಗುತ್ತದೋ ಇಲ್ಲವೋ ಎಂದುಕೊಂಡ. ಮೀನನ್ನು ಹಸಿ ಸೊಪ್ಪಿನಲ್ಲಿ ಸುತ್ತಿಕೊಂಡು ಹೊಳೆಗೆ ಹೋದ. ಅಲ್ಲೂ ಒಂದು ಹಿಡಿದ. ಅದು ಸೆಳವಿಗೆ ಓಡಿತು. ಕೋಲು ಬಾಗಿತು, ಮುರಿಯಲಿಲ್ಲ.

ಅವನು ಬರುವಾಗ ಮನೆಯ ಮುಂದೆ ಹೆಂಗಸರು ಕೂತಿದ್ದರು. ಒಳಗೆ ಒಲೆಗೆ ಯಾರೋ ನೀರು ಹಾಕಿದ್ದರು. ಹೆಂಡತಿ ಹೋಗಿದ್ದಳು.

ಪಕ್ಕದ ಮನೆಯ ಮುದುಕಿ ಅವನ ಕೈಯಿಂದ ಮೀನು ತೆಗೆದುಕೊಂಡಳು. “ಎಲ್ಲಿಗೆ ಹೋಗಿದ್ದೆಯಪ್ಪ,” ಎಂದಳು. “ಬಾಗಿಲ ಕಡೆ ನೋಡ್ತಾನೇ ಇದ್ದಳು.”

ಗುರು ಹೇಳುವುದನ್ನು ಮುಗಿಸಿದರು. ಚೊಂಬಿನಲ್ಲಿ ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದರು.

ಶಿಷ್ಯ ನಿಂತೇ ಇದ್ದ. ಅವನಿಗೆ ಮೀನುಗಾರನ ಮೇಲೆ ಕನಿಕರ ಬಂದಿತ್ತು. “ಆದರೆ ಗುರುಗಳೇ,” ಎಂದ, “ಪಾಪ, ಅವನು ಅಷ್ಟೆಲ್ಲ ಮಾಡಿದ್ದು ಅವಳಿಗೋಸ್ಕರವೇ ಅಲ್ಲವೇ?”

“ಅವನೂ ಇವತ್ತಿನವರೆಗೂ ಹಾಗೆಯೇ ಹೇಳುತ್ತಾನೆ,” ಎಂದರು ಗುರು.