ಉಪ್ಪಿನ ಹದಕ್ಕೆ ಆಧಾರ

ಮಠದ ಊಟಕ್ಕೆ ಎರಡು ಕಟ್ಟಳೆ. ಬಡಿಸಿ ಮುಗಿಯುವವರೆಗೆ ಅಡುಗೆಭಟ್ಟ ಉಪ್ಪಿನ ರುಚಿ ಕೂಡ ನೋಡುವಂತಿಲ್ಲ. ಹಿರಿಯರು ಮೊದಲ ತುತ್ತು ಎತ್ತುವವರೆಗೆ ಪಂಕ್ತಿಯಲ್ಲಿ ಯಾರೂ ಎಲೆ ಮುಟ್ಟುವಂತಿಲ್ಲ.

ಅಂದು ಹಿರಿಯರಾಗಿ ಮೊದಲ ಎಲೆಗೆ ಕೂತವರು ತರ್ಕಪಂಡಿತ ಶೇಷಗಿರಿ ಅವಧಾನಿಗಳು. ತಮ್ಮ ಮದುವೆಯ ಮುಹೂರ್ತಕ್ಕೂ ಆಧಾರ ಕೇಳಿದ್ದ ಪುಣ್ಯಾತ್ಮರು. ಎಲೆಗೆ ಹುಳಿ ಬಿದ್ದೊಡನೆ ಭಟ್ಟನನ್ನು ತಡೆದರು.

“ಉಪ್ಪು ಸರಿಯಾಗಿದೆಯೇನಯ್ಯಾ?”

“ಸರಿಯಾಗಿದೆ ಸ್ವಾಮಿ.”

“ರುಚಿ ನೋಡದೆ ಹೇಗೆ ಗೊತ್ತು?”

“ಕೈಯಳತೆ. ಅಪ್ಪ ಕಲಿಸಿದ್ದು.”

“ಅಪ್ಪನ ಅಳತೆ ಸರಿ ಅನ್ನುವುದಕ್ಕೆ ಆಧಾರ?”

“ತಾತ ಕಲಿಸಿದ್ದು.”

“ತಾತನಿಗೆ? ಪ್ರತಿ ಆಧಾರಕ್ಕೂ ಇನ್ನೊಂದು ಆಧಾರ ಬೇಕಯ್ಯಾ. ಕೊನೆಯದನ್ನು ಹೇಳುವವರೆಗೆ ನಾನು ಎಲೆಗೆ ಕೈ ಹಾಕುವುದಿಲ್ಲ.”

ನೂರು ಜನ ಆರುತ್ತಿದ್ದ ಅನ್ನವನ್ನು ನೋಡುತ್ತ ಕೂತರು. ಭಟ್ಟ ಸೌಟು ಕೆಳಗಿಟ್ಟು ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತ. ಮುತ್ತಾತನಿಂದ ಶುರು ಮಾಡಿದ. ಅವನಿಗೆ ಕಲಿಸಿದವನು, ಆ ಕಲಿಸಿದವನಿಗೆ ಕಲಿಸಿದವನು, ಹೀಗೆ ನಿಧಾನವಾಗಿ ಹೇಳುತ್ತ ಹೋದ. ಹದಿನೇಳನೆಯ ತಲೆಮಾರಿಗೆ ಬರುವಷ್ಟರಲ್ಲಿ ಅವಧಾನಿಗಳ ಹೊಟ್ಟೆ ಗುಡುಗುಡು ಎಂದಿತು.

“ಸಾಕು ನಿಲ್ಲಿಸಯ್ಯಾ, ಹಸಿವಾಗಿದೆ!”

“ಹೇಗೆ ಗೊತ್ತು ಸ್ವಾಮಿ?”

“ಹೊಟ್ಟೆ ಹೇಳುತ್ತಿದೆಯಲ್ಲ!”

“ಹೊಟ್ಟೆ ನಿಜ ಹೇಳುತ್ತಿದೆ ಅನ್ನುವುದಕ್ಕೆ ಆಧಾರ?”

ಅವಧಾನಿಗಳು ಅನ್ನ ಕಲಸಿ ತುತ್ತು ಎತ್ತಿದರು. ಅದನ್ನೇ ಕಾಯುತ್ತಿದ್ದ ನೂರು ಕೈಗಳು ಎಲೆಗೆ ಬಿದ್ದವು.

ಭಟ್ಟ ಕೈಮುಗಿದು ಕೇಳಿದ: “ಉಪ್ಪು?”

“ಸರಿಯಾಗಿದೆ.”

“ಹೇಗೆ ಗೊತ್ತು?”

ಅವಧಾನಿಗಳು ಎಲೆ ತೋರಿಸಿದರು. “ಇನ್ನೊಂದು ಸೌಟು ಹಾಕು.”